ಆರ್‌ಟಿಎಕ್ಸ್ 3060 12 ಜಿಬಿ ತಗೊಳ್ಳೋದಾ, 4060 8 ಜಿಬಿ ತಗೊಳ್ಳೋದಾ? ಬೋರ್ಡ್ ಹಳೇ ಬಿ450

ಕುಂದಾಪ್ರದ ಹುಡ್ಗ ಕೇಳಿದ್ದು:

ನಮಸ್ಕಾರ ಎಲ್ಲರಿಗೂ. ಎನ್‌ವಿಡಿಯಾದ ಈ ಎರಡು ಗ್ರಾಫಿಕ್ಸ್ ಕಾರ್ಡ್‌ಗಳ ಹೋಲಿಕೆ ವಿಡಿಯೊ ನೋಡಿ ನೋಡಿ ತಲೆ ಕೆಟ್ಟುಹೋಗಿದೆ. ಒಬ್ಬ 4060 ಬಿಟ್ಟು ಬೇರೆ ಏನೂ ನೋಡಬೇಡಿ ಅನ್ನುತ್ತಾನೆ. ಇನ್ನೊಬ್ಬ ಈ ಕಾಲದಲ್ಲಿ 8 ಜಿಬಿ ಮೆಮೊರಿಯ ಕಾರ್ಡ್ ತಗೊಂಡರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅನ್ನುತ್ತಾನೆ. ಇಬ್ಬರೂ ಗ್ರಾಫ್ ತೋರಿಸುತ್ತಾರೆ, ಇಬ್ಬರದ್ದೂ ಸರಿ ಅನಿಸುತ್ತದೆ.

ನನ್ನ ಹತ್ತಿರ ಇರುವುದು ರೈಜನ್ 5 3600 ಸಿಪಿಯು, ಬಿ450 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, 450 ವ್ಯಾಟ್ ಪಿಎಸ್‌ಯು (ಒಳಗೆ ಕರೆಂಟ್ ಕೊಡುವ ಪೆಟ್ಟಿಗೆ). ಈಗಿನ ಕಾರ್ಡ್ ಜಿಟಿಎಕ್ಸ್ 1650, 4 ಜಿಬಿ. ಮಾನಿಟರ್ 1080ಪಿ, 144 ಹರ್ಟ್ಸ್.

ಮಾಡುವ ಕೆಲಸ ಮೂರು ಥರ. ರಾತ್ರಿ ಗೆಳೆಯರ ಜೊತೆ ವ್ಯಾಲೊರಂಟ್, ಒಬ್ಬನೇ ಇದ್ದಾಗ ದೊಡ್ಡ ಕಥೆಯ ಗೇಮ್‌ಗಳು. ನಮ್ಮ ಊರಿನ ಡೆಕೊರೇಟರ್ ಒಬ್ಬರಿಗೆ ಮದುವೆ ಮಂಟಪದ 3ಡಿ ಡಿಸೈನ್ ಬ್ಲೆಂಡರ್ ಪ್ರೋಗ್ರಾಮಿನಲ್ಲಿ ಮಾಡಿಕೊಡುತ್ತೇನೆ, ಸ್ವಲ್ಪ ದುಡ್ಡೂ ಬರುತ್ತದೆ. ಮೂರನೆಯದು ಹೊಸ ಹುಚ್ಚು. ಮನೆಯಲ್ಲಿ ಹಳೆಯ ತಾಳಮದ್ದಳೆ ರೆಕಾರ್ಡಿಂಗ್ ರಾಶಿ ಇದೆ, ಅದನ್ನು ವಿಸ್ಪರ್ ಅನ್ನುವ ಎಐ ಹಾಕಿ ಅಕ್ಷರಕ್ಕೆ ಇಳಿಸಬೇಕು ಅಂತ ಆಸೆ. ಹಾಗೇ ಚಾಟ್‌ಜಿಪಿಟಿ ಥರದ ಸಣ್ಣ ಭಾಷಾ ಮಾಡೆಲ್‌ಗಳನ್ನೂ ಮನೆ ಕಂಪ್ಯೂಟರಿನಲ್ಲೇ ಓಡಿಸಿ ನೋಡಬೇಕು.

ಹೊಸ 4060ಗೆ ಅಂಗಡಿಯವರು 28 ಸಾವಿರ ಹೇಳಿದ್ದಾರೆ. ಬೆಂಗಳೂರಿನಲ್ಲಿ ಒಬ್ಬರು ಸೆಕೆಂಡ್ ಹ್ಯಾಂಡ್ 3060 ಅನ್ನು 17ಕ್ಕೆ ಕೊಡುತ್ತಾರಂತೆ.

ಇನ್ನೊಂದು ಅರ್ಥ ಆಗದ ವಿಷಯ. 3060ರಲ್ಲಿ 3584 ಕುಡಾ ಕೋರ್ (ಲೆಕ್ಕ ಮಾಡುವ ಘಟಕ) ಇವೆ, 4060ರಲ್ಲಿ 3072. ಮೆಮೊರಿ ಬಸ್, ಅಂದರೆ ಡೇಟಾ ಓಡಾಡುವ ದಾರಿಯ ಅಗಲ, 192 ಬಿಟ್ ಇದ್ದದ್ದು 128ಕ್ಕೆ ಇಳಿದಿದೆ. ಎಲ್ಲವೂ ಕಮ್ಮಿ ಆಗಿರುವಾಗ ಹೊಸದು ಜಾಸ್ತಿ ವೇಗ ಹೇಗೆ?

ಫ್ರೇಮ್ ಫಕೀರ:

4060. ಹೊಸದು, ವಾರಂಟಿ ಇದೆ, ಕರೆಂಟ್ ಕಮ್ಮಿ ತಿನ್ನುತ್ತದೆ, ಫ್ರೇಮ್ ಜನರೇಶನ್ (ನಡುನಡುವೆ ಫ್ರೇಮ್ ತಾನೇ ಕಟ್ಟಿ ಸೇರಿಸುವುದು) ಇದೆ. ಇದರಲ್ಲಿ ಯೋಚನೆ ಮಾಡುವುದಕ್ಕೆ ಏನಿದೆ ಅಂತ ನನಗೆ ಗೊತ್ತಾಗುತ್ತಿಲ್ಲ.

ಹಳೇಚಿಪ್:

ಫಕೀರರೇ, ಅವರು ಹೇಳಿದ ಮೂರು ಕೆಲಸದಲ್ಲಿ ಒಂದನ್ನು ಮಾತ್ರ ಓದಿದ ಹಾಗಿದೆ.

ಮೊದಲು ಕೋರ್ ವಿಷಯ. ಕೋರ್ ಎಷ್ಟಿವೆ ಅನ್ನುವುದರ ಜೊತೆ ಅವು ಎಷ್ಟು ಜೋರಾಗಿ ಓಡುತ್ತವೆ ಅಂತಲೂ ನೋಡಬೇಕು. 3060 ಬಂದದ್ದು 2021ರ ಫೆಬ್ರವರಿಯಲ್ಲಿ, ಸ್ಯಾಮ್‌ಸಂಗ್‌ನ 8 ನ್ಯಾನೊಮೀಟರ್ ತಂತ್ರದಲ್ಲಿ. ಬೂಸ್ಟ್ ಕ್ಲಾಕ್, ಅಂದರೆ ಜೋರಾಗಿ ಓಡುವಾಗಿನ ವೇಗ, 1777 ಮೆಗಾಹರ್ಟ್ಸ್. 4060 ಬಂದದ್ದು 2023ರ ಜೂನ್ ಕೊನೆಗೆ, ಟಿಎಸ್‌ಎಂಸಿಯ 4ಎನ್ ತಂತ್ರದಲ್ಲಿ, ಬೂಸ್ಟ್ 2460. ಕೋರ್ ಸಂಖ್ಯೆಯನ್ನು ಕ್ಲಾಕ್‌ನಿಂದ ಗುಣಿಸಿ, ಮತ್ತೆ 2ರಿಂದ ಗುಣಿಸಿ, ಒಂದೊಂದು ಕೋರ್ ಕ್ಲಾಕ್‌ನ ಒಂದು ಬಡಿತಕ್ಕೆ ಎರಡು ಲೆಕ್ಕ ಮಾಡುತ್ತದೆ. 3060ಗೆ 12.7 ಟೆರಾಫ್ಲಾಪ್ (ಒಂದು ಟೆರಾಫ್ಲಾಪ್ ಅಂದರೆ ಸೆಕೆಂಡಿಗೆ ಲಕ್ಷ ಕೋಟಿ ಲೆಕ್ಕ) ಬರುತ್ತದೆ, 4060ಗೆ 15.1. ಅಂದರೆ ನೂರಕ್ಕೆ ಸುಮಾರು 19 ಜಾಸ್ತಿ. ಟೈಮ್ ಸ್ಪೈ ಅನ್ನುವ ವೇಗ ಪರೀಕ್ಷೆಯಲ್ಲಿ 3060 ಸುಮಾರು 8,700 ಅಂಕ ತೆಗೆದರೆ 4060 10,500 ಆಸುಪಾಸು ತೆಗೆಯುತ್ತದೆ. ಲೆಕ್ಕ ಹೆಚ್ಚುಕಡಿಮೆ ಸರಿಹೋಯಿತು ಅಲ್ವಾ? 1080ಪಿಯಲ್ಲಿ ಗೇಮ್‌ಗಳಲ್ಲೂ ಸರಾಸರಿ ಇಷ್ಟೇ ಅಂತರ. ಕೆಲವು ಕಡೆ 10, ಕೆಲವು ಕಡೆ 25.

ಈಗ ಬಸ್. 3060ರ ಮೆಮೊರಿ ಸೆಕೆಂಡಿಗೆ 360 ಜಿಬಿ ಡೇಟಾ ಕೊಡುತ್ತದೆ, 4060ರದ್ದು 272. ಈ ಕೊರತೆ ತುಂಬಲು ಎನ್‌ವಿಡಿಯಾ ಎಲ್2 ಕ್ಯಾಶ್ (ಚಿಪ್ ಒಳಗಿನ ಪುಟ್ಟ ಮೆಮೊರಿ) ಹೆಚ್ಚಿಸಿತು. 3060ರಲ್ಲಿ 3 ಎಂಬಿ ಇತ್ತು, 4060ರಲ್ಲಿ 24 ಎಂಬಿ. ಒಲೆ ಪಕ್ಕದಲ್ಲೇ ಸಾಸಿವೆ ಡಬ್ಬಿ ಇದ್ದರೆ ಪ್ರತಿ ಒಗ್ಗರಣೆಗೂ ಉಗ್ರಾಣಕ್ಕೆ ಓಡಬೇಕಿಲ್ಲ, ಹಾಗೆ. ಆದರೆ ರೆಸಲ್ಯೂಶನ್ ಏರಿಸಿದ ಹಾಗೆ ಬೇಕಾದ ಡೇಟಾ ಜಾಸ್ತಿ ಆಗುತ್ತದೆ, ಕ್ಯಾಶ್‌ನಲ್ಲಿ ಸಿಗುವ ಪಾಲು ಕಮ್ಮಿ ಆಗುತ್ತದೆ. ಅದಕ್ಕೇ 1440ಪಿ, 4ಕೆ ಕಡೆ ಹೋದ ಹಾಗೆ ಈ ಎರಡರ ಅಂತರ ಕುಗ್ಗುತ್ತದೆ. ನಿಮ್ಮದು 1080ಪಿ, ಹಾಗಾಗಿ ಕ್ಯಾಶ್ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ನನಗೆ ಚಿಂತೆ ಇರುವುದು ನಿಮ್ಮ ಬಿ450 ಬಗ್ಗೆ, ಇದನ್ನು ವಿಡಿಯೊ ಮಾಡುವವರು ಬಹಳ ಜನ ಹೇಳುವುದೇ ಇಲ್ಲ. 4060 ಕಾರ್ಡಿಗೆ ಇರುವುದು 8 ಪಿಸಿಐಇ ಲೇನ್ (ಕಾರ್ಡಿಗೂ ಬೋರ್ಡಿಗೂ ನಡುವಿನ ದಾರಿ) ಮಾತ್ರ. ಕನೆಕ್ಟರ್ ಉದ್ದವಾಗಿ 16 ಲೇನ್‌ನ ಹಾಗೇ ಕಾಣುತ್ತದೆ, ಆದರೆ ಒಳಗೆ ಅರ್ಧ ಖಾಲಿ. 3060ಗೆ ಪೂರ್ತಿ 16 ಇದೆ. ಎರಡೂ ಪಿಸಿಐಇ 4.0 ಕಾರ್ಡ್‌ಗಳೇ, ಆದರೆ ಬಿ450 ಪಿಸಿಐಇ 3.0ಗೆ ನಿಂತುಬಿಡುತ್ತದೆ. ಹಾಗಾಗಿ ನಿಮ್ಮ ಬೋರ್ಡಿನಲ್ಲಿ 4060ಗೆ ಸಿಗುವ ದಾರಿ ಸೆಕೆಂಡಿಗೆ ಸುಮಾರು 8 ಜಿಬಿ, 3060ಗೆ ಸುಮಾರು 16.

ಮಾಮೂಲಿ ಸಮಯದಲ್ಲಿ ಇದರಿಂದ ಏನೂ ಆಗುವುದಿಲ್ಲ, ಒಂದೆರಡು ಫ್ರೇಮ್ ಅಷ್ಟೇ. ತೊಂದರೆ ಶುರುವಾಗುವುದು ಕಾರ್ಡಿನ ಸ್ವಂತ ಮೆಮೊರಿ ಆದ ವಿರ‍್ಯಾಮ್ ತುಂಬಿದಾಗ. 8 ಜಿಬಿ ತುಂಬಿ ಉಳಿದದ್ದು ಸಿಸ್ಟಮ್ ರ‍್ಯಾಮ್‌ಗೆ ಹೋಗಿ ಕೂತರೆ, ಗೇಮ್ ಪ್ರತಿ ಸಲ ಅದನ್ನು ಸೆಕೆಂಡಿಗೆ 8 ಜಿಬಿಯ ಆ ಸಣ್ಣ ದಾರಿಯಲ್ಲೇ ಎಳೆದು ತರಬೇಕು. 272ರಲ್ಲಿ ಬರುತ್ತಿದ್ದದ್ದು 8ರಲ್ಲಿ ಬರುತ್ತದೆ. ಆಗ ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ನೋಡಿದರೆ ಅಷ್ಟೇನೂ ಕೆಟ್ಟದಾಗಿ ಕಾಣುವುದಿಲ್ಲ, ಆದರೆ 1% ಲೋ (ಅತಿ ನಿಧಾನದ ಫ್ರೇಮ್‌ಗಳ ಲೆಕ್ಕ) ನೆಲ ಕಚ್ಚಿರುತ್ತದೆ, ಕ್ಯಾಮೆರಾ ತಿರುಗಿಸಿದಾಗಲೆಲ್ಲ ತಟಕ್ ತಟಕ್ ಅಂತ ನಿಲ್ಲುತ್ತದೆ. ಕೆಲವು ಗೇಮ್ ಇನ್ನೂ ಮೋಸ. ಎಫ್‌ಪಿಎಸ್ ಹಾಗೇ ಉಳಿಸಿಕೊಂಡು ಟೆಕ್ಸ್ಚರ್ (ವಸ್ತುಗಳ ಮೇಲ್ಮೈಗೆ ಅಂಟಿಸುವ ಚಿತ್ರ) ಮಾತ್ರ ಸದ್ದಿಲ್ಲದೆ ಮಸುಕು ಮಾಡುತ್ತವೆ. 2023ರಲ್ಲಿ ಹಾಗ್ವರ್ಟ್ಸ್ ಲೆಗಸಿ ಬಂದಾಗ ಗೋಡೆಗಳೆಲ್ಲ ಮೇಣ ಕರಗಿದ ಹಾಗೆ ಕಾಣುತ್ತಿದ್ದವು, ನೆನಪಿದೆಯಾ? ಗ್ರಾಫ್‌ನಲ್ಲಿ ಅದು ಬರುವುದಿಲ್ಲ. ನಿಮ್ಮ ಇಬ್ಬರು ಯೂಟ್ಯೂಬರ್‌ಗಳೂ ಸರಿ ಅನಿಸಿದ್ದು ಇದಕ್ಕೇ. ಒಬ್ಬ 8 ಜಿಬಿ ಒಳಗೆ ಅಳೆದಿದ್ದಾನೆ, ಇನ್ನೊಬ್ಬ ಅದರ ಹೊರಗೆ.

ಫ್ರೇಮ್ ಫಕೀರ:

ಪೂರ್ತಿ ಓದಿದ್ದೆ ಸ್ವಾಮಿ. ಆದರೆ ಈ 8 ಜಿಬಿ ಭಯ ಸುಮ್ನೆ ಜಾಸ್ತಿ ಮಾಡುತ್ತಿದ್ದೀರಿ. 1080ಪಿಯಲ್ಲಿ ಟೆಕ್ಸ್ಚರ್ ಅನ್ನು ಅಲ್ಟ್ರಾ ಬಿಟ್ಟು ಹೈಗೆ ಇಳಿಸಿದರೆ ಇವತ್ತಿನ ಬಹುಪಾಲು ಗೇಮ್ 8 ಜಿಬಿಯಲ್ಲಿ ಕೂರುತ್ತದೆ. ಎರಡರ ವ್ಯತ್ಯಾಸ ಕಣ್ಣಿಗೆ ಕಾಣಬೇಕಾದರೆ ಆಟ ನಿಲ್ಲಿಸಿ ಗೋಡೆಗೆ ಮೂಗು ತಾಗಿಸಬೇಕು. ಅಲ್ಟ್ರಾ ಅನ್ನುವುದು ಒಂದು ಚಟ.

ಇನ್ನು ವ್ಯಾಲೊರಂಟ್. ಅದರಲ್ಲಿ ಎರಡು ಕಾರ್ಡಿಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ಯಾಕೆಂದರೆ ಅಲ್ಲಿ ತಡೆಯುವುದು ನಿಮ್ಮ 3600. ಕೌಂಟರ್ ಸ್ಟ್ರೈಕ್ 2 ಆಡಿದರೂ ಅಷ್ಟೇ. ನಿಜವಾಗಿ ಅಲ್ಲಿ ಫ್ರೇಮ್ ಬೇಕು ಅಂದರೆ ಕಾರ್ಡ್ ಬಿಟ್ಟು ಬಯೋಸ್ ಅಪ್‌ಡೇಟ್ ಮಾಡಿ ಅದೇ ಬೋರ್ಡಿಗೆ ರೈಜನ್ 5 5600 ಹಾಕಿ. ಅದೇ ಎಎಂ4 ಸಾಕೆಟ್, ಬೇರೆ ಏನೂ ಬದಲಿಸಬೇಕಿಲ್ಲ.

ಆದರೆ ದೊಡ್ಡ ಗೇಮ್‌ಗಳಲ್ಲಿ ಸಿಪಿಯು ಸೋತಾಗಲೂ ಫ್ರೇಮ್ ಜನರೇಶನ್ ಕೆಲಸ ಮಾಡುತ್ತದೆ, ಇದನ್ನು ಮರೆಯಬೇಡಿ. ನಡುವಿನ ಫ್ರೇಮ್ ಅನ್ನು ಕಾರ್ಡೇ ಕಟ್ಟುತ್ತದೆ, ಸಿಪಿಯುವನ್ನು ಕೇಳುವುದಿಲ್ಲ. ಎನ್‌ವಿಡಿಯಾದ ಡಿಎಲ್‌ಎಸ್‌ಎಸ್‌ನ ಫ್ರೇಮ್ ಜನರೇಶನ್ 40 ಸರಣಿಯಿಂದ ಮೇಲಿನವಕ್ಕೆ ಮಾತ್ರ, 3060ಗೆ ಇಲ್ಲ. ಹಳೇ ಸಿಪಿಯು ಇರುವವರಿಗೆ ಇದು ದೊಡ್ಡ ವಿಷಯ.

ಹಳೇಚಿಪ್:

ಫ್ರೇಮ್ ಜನರೇಶನ್‌ಗೂ ವಿರ‍್ಯಾಮ್ ಬೇಕಲ್ಲ! 8 ಜಿಬಿ ಈಗಾಗಲೇ ಅಂಚಿನಲ್ಲಿದ್ದರೆ ಅದನ್ನು ಆನ್ ಮಾಡಿದ ತಕ್ಷಣ ತುಂಬಿ ಚೆಲ್ಲುತ್ತದೆ. ಜೊತೆಗೆ ಮೊದಲೇ 60 ಎಫ್‌ಪಿಎಸ್ ಹತ್ತಿರ ಇದ್ದರೆ ಮಾತ್ರ ಅದು ಚೆನ್ನ. 30 ಇದ್ದದ್ದನ್ನು 60 ಮಾಡಿದರೆ ನೋಡುವುದಕ್ಕೆ ನುಣುಪು, ಮೌಸ್ ಮಾತ್ರ ಕೆಸರಲ್ಲಿ ಸಿಕ್ಕ ಹಾಗೆ. 3060 ಇರುವವರಿಗೆ ಎಫ್‌ಎಸ್‌ಆರ್ 3 ಇರುವ ಗೇಮ್‌ಗಳಲ್ಲಿ ಎಎಂಡಿಯ ಫ್ರೇಮ್ ಜನರೇಶನ್ ಸಿಗುತ್ತದೆ. ಎನ್‌ವಿಡಿಯಾ ಕಾರ್ಡಿಗೆ ಎಎಂಡಿ ಉಪಕಾರ ಮಾಡುವುದು ನೋಡಿ ನಗು ಬರುತ್ತದೆ. 2025ರ ಜನವರಿಯಲ್ಲಿ ಬಂದ ಡಿಎಲ್‌ಎಸ್‌ಎಸ್ 4ರ ಹೊಸ ಅಪ್‌ಸ್ಕೇಲಿಂಗ್ (ಸಣ್ಣ ಚಿತ್ರವನ್ನು ದೊಡ್ಡದು ಮಾಡುವ) ಮಾಡೆಲ್ ಕೂಡ ಎಲ್ಲ ಆರ್‌ಟಿಎಕ್ಸ್ ಕಾರ್ಡಿಗೂ ಸಿಕ್ಕಿದೆ, 3060ಗೂ.

ಗೇಮ್ ಮಾತ್ರ ಆಗಿದ್ದರೆ ನಾನೂ 4060 ಅಂತಲೇ ಹೇಳುತ್ತಿದ್ದೆ. ಅದನ್ನು ಒಪ್ಪುತ್ತೇನೆ.

ರೆಂಡರ್ ರಾತ್ರಿ:

ಬ್ಲೆಂಡರ್ ಮತ್ತು ಎಐ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಇಂಟೀರಿಯರ್ ಡಿಸೈನ್ ಕಂಪನಿಯೊಂದರಲ್ಲಿ ಇದೇ ಕೆಲಸ ನನ್ನದು. ಎರಡೂ ಕಾರ್ಡಿನ ಮೆಶಿನ್ ನಮ್ಮಲ್ಲಿ ಇವೆ.

ಸೀನ್ ವಿರ‍್ಯಾಮ್ ಒಳಗೆ ಕೂತರೆ ಬ್ಲೆಂಡರ್‌ನ ರೆಂಡರ್ ಎಂಜಿನ್ ಸೈಕಲ್ಸ್‌ನಲ್ಲಿ 4060 ಚೆನ್ನಾಗಿಯೇ ಮುಂದೆ ಓಡುತ್ತದೆ. ಅದರಲ್ಲಿ ಎನ್‌ವಿಡಿಯಾದ ಆಪ್ಟಿಕ್ಸ್ ಆನ್ ಮಾಡಿದರೆ ರೇ ಟ್ರೇಸಿಂಗ್ (ಬೆಳಕಿನ ದಾರಿ ಲೆಕ್ಕ ಹಾಕುವ) ಕೋರ್‌ಗಳು ಬಳಕೆಗೆ ಬರುತ್ತವೆ, 4060ರಲ್ಲಿ ಅವು ಒಂದು ತಲೆಮಾರು ಹೊಸವು. ಗೇಮ್‌ಗಿಂತ ಇಲ್ಲಿ ಅಂತರ ಜಾಸ್ತಿಯೇ ಕಾಣುತ್ತದೆ.

ಆದರೆ ನಿಮ್ಮದು ಮದುವೆ ಮಂಟಪ ಅಂದಿರಲ್ಲ. ಅಂದರೆ ಸೇವಂತಿಗೆ ಹಾರ, ಬಾಳೆಕಂದು, ಮಾವಿನ ತೋರಣ, ಜರಿ ಬಟ್ಟೆ, ಕಂಬಕ್ಕೆಲ್ಲ ಬೇರೆ ಬೇರೆ ಟೆಕ್ಸ್ಚರ್. ಲೆಕ್ಕ ಹಾಕಿ. ಒಂದು 4ಕೆ ಟೆಕ್ಸ್ಚರ್ ಅಂದರೆ 4096 ಇಂಟು 4096 ಪಿಕ್ಸೆಲ್, ಒಂದೊಂದಕ್ಕೆ 4 ಬೈಟ್. ಒಟ್ಟು 64 ಎಂಬಿ. ಡಿಸ್ಕಿನಲ್ಲಿ ಜೆಪೆಗ್ 5 ಎಂಬಿ ಇದ್ದರೂ ಸೈಕಲ್ಸ್ ಅದನ್ನು ಬಿಚ್ಚಿಯೇ ಕಾರ್ಡಿಗೆ ಹಾಕುತ್ತದೆ. ಒಂದು ಮೆಟೀರಿಯಲ್‌ಗೆ ಬಣ್ಣ, ರಫ್‌ನೆಸ್, ನಾರ್ಮಲ್ ಅಂತ ಮೂರು ಟೆಕ್ಸ್ಚರ್ ಇಟ್ಟರೆ, 20 ಮೆಟೀರಿಯಲ್‌ಗೆ 60 ಟೆಕ್ಸ್ಚರ್, 3.8 ಜಿಬಿ. ಇನ್ನೂ ಹೂವಿನ ಜ್ಯಾಮಿತಿ ಬಂದಿಲ್ಲ, ಚಿತ್ರದ ಕಾಳುಕಾಳು ಅಳಿಸುವ ಡಿನಾಯ್ಸರ್ ಬಂದಿಲ್ಲ, ವಿಂಡೋಸ್ ತಿನ್ನುವುದು ಬಂದಿಲ್ಲ. 8 ಜಿಬಿ ಎಷ್ಟು ಬೇಗ ಮುಗಿಯುತ್ತದೆ ನೋಡಿ.

ಮುಗಿದರೆ ರೆಂಡರ್ ನಿಂತೇಬಿಡುತ್ತದೆ ಅಂತ ಅಲ್ಲ. ಉಳಿದದ್ದನ್ನು ಸೈಕಲ್ಸ್ ಸಿಸ್ಟಮ್ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ. ನಿಧಾನ ಆಗುತ್ತದೆ, ಅದರಲ್ಲೂ ಹಳೇಚಿಪ್ ಹೇಳಿದ 8 ಲೇನ್ ದಾರಿಯಲ್ಲಿ. ನಿಮ್ಮ ಹತ್ತಿರ ಇರುವುದೇ 16 ಜಿಬಿ ರ‍್ಯಾಮ್, ಅದೂ ತುಂಬಿದರೆ ಬ್ಲೆಂಡರ್ ಮುಚ್ಚಿಕೊಳ್ಳುತ್ತದೆ. ಹೂವಿಗೆಲ್ಲ ಇನ್‌ಸ್ಟೆನ್ಸಿಂಗ್ (ಒಂದೇ ಹೂವನ್ನು ಮತ್ತೆ ಮತ್ತೆ ತೋರಿಸುವುದು) ಬಳಸಿ, ದೂರದ ವಸ್ತುಗಳಿಗೆ 1ಕೆ ಟೆಕ್ಸ್ಚರ್ ಸಾಕು. ಅಷ್ಟು ಶಿಸ್ತು ಇದ್ದರೆ 8 ಜಿಬಿಯಲ್ಲೂ ಬದುಕಬಹುದು. ಆದರೆ ಡೆಕೊರೇಟರ್ ಸಂಜೆ ಫೋನ್ ಮಾಡಿ ನಾಳೆ ಬೆಳಿಗ್ಗೆ ಬೇಕು ಅನ್ನುವಾಗ ಈ ಶಿಸ್ತು ಯಾರಿಗೆ ಇರುತ್ತದೆ?

ವಿಸ್ಪರ್ ಬಗ್ಗೆ. ಓಪನ್ಎಐ ಕೊಟ್ಟ ಮೂಲ ಪ್ರೋಗ್ರಾಮಿನಲ್ಲಿ ಲಾರ್ಜ್ ಮಾಡೆಲ್‌ಗೆ ಸುಮಾರು 10 ಜಿಬಿ ವಿರ‍್ಯಾಮ್ ಬೇಕು. ಇದನ್ನು ಓದಿ ಜನ 12 ಜಿಬಿ ಇಲ್ಲದಿದ್ದರೆ ಆಗುವುದೇ ಇಲ್ಲ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಫಾಸ್ಟರ್-ವಿಸ್ಪರ್ ಅಂತ ಇದೆ, ಅದರಲ್ಲಿ ಅದೇ ಮಾಡೆಲ್ ಇಂಟ್8ನಲ್ಲಿ (ಅಂಕಿಗಳನ್ನು 8 ಬಿಟ್‌ಗೆ ಕುಗ್ಗಿಸಿದ ರೂಪ) 8 ಜಿಬಿ ಕಾರ್ಡಿನಲ್ಲಿ ಆರಾಮವಾಗಿ ಓಡುತ್ತದೆ. ಹಾಗಾಗಿ ಈ ಒಂದು ಕೆಲಸಕ್ಕೆ ಎರಡೂ ಕಾರ್ಡ್ ಸರಿ. ತಾಳಮದ್ದಳೆಯ ಕನ್ನಡವನ್ನು ವಿಸ್ಪರ್ ಎಷ್ಟು ಹಿಡಿಯುತ್ತದೆ ಅನ್ನುವುದು ಬೇರೆ ಮಾತು. ಚೆಂಡೆ ಮದ್ದಳೆ ನಡುವೆ ಅರ್ಥಧಾರಿಯ ಮಾತು ವೇಗ ಹಿಡಿದರೆ ಅದು ಏನೇನೋ ಬರೆಯುತ್ತದೆ. ಐಐಟಿ ಮದ್ರಾಸಿನ ಎಐ4ಭಾರತ್‌ನವರು ಭಾರತೀಯ ಭಾಷೆಗಳಿಗೇ ತಯಾರಿಸಿದ ಮಾಡೆಲ್‌ಗಳಿವೆ, ಅವನ್ನೂ ಹಾಕಿ ನೋಡಿ.

ಭಾಷಾ ಮಾಡೆಲ್ ವಿಷಯದಲ್ಲಿ ಮಾತ್ರ 3060 ಸೀದಾ ಗೆಲ್ಲುತ್ತದೆ, ಇದು ಬಹಳ ಜನರಿಗೆ ಆಶ್ಚರ್ಯ. ಒಂದೊಂದು ಟೋಕನ್ (ಪದದ ತುಣುಕು) ಬರೆಯುವಾಗಲೂ ಮಾಡೆಲ್‌ನ ತೂಕಗಳನ್ನೆಲ್ಲ (ಅದು ಕಲಿತ ಅಂಕಿಗಳು) ಮೆಮೊರಿಯಿಂದ ಒಂದು ಸಲ ಓದಬೇಕು. 8 ಬಿಲಿಯನ್ ತೂಕಗಳ ಮಾಡೆಲ್ 4 ಬಿಟ್‌ನಲ್ಲಿ ಸುಮಾರು 5 ಜಿಬಿ. 360ನ್ನು 5ರಿಂದ ಭಾಗಿಸಿದರೆ 72, 272ನ್ನು ಭಾಗಿಸಿದರೆ 54. ಸೆಕೆಂಡಿಗೆ ಅಷ್ಟು ಟೋಕನ್ ಗರಿಷ್ಠ ಮಿತಿ, ನಿಜದಲ್ಲಿ ಅದಕ್ಕಿಂತ ಕಮ್ಮಿ ಬರುತ್ತದೆ. ಕ್ಯಾಶ್ 24 ಎಂಬಿ ಇದ್ದರೇನು, 5 ಜಿಬಿ ಅದರಲ್ಲಿ ಕೂರುತ್ತದಾ? 14 ಬಿಲಿಯನ್ ಮಾಡೆಲ್ ಹಾಕಿದರೆ 9 ಜಿಬಿ ಹತ್ತಿರ, ಅದು 4060ಗೆ ಹತ್ತುವುದೇ ಇಲ್ಲ. ವಿಂಡೋಸ್‌ನಲ್ಲಿ ಈಗಿನ ಡ್ರೈವರ್ ಅದನ್ನು ಸಿಸ್ಟಮ್ ರ‍್ಯಾಮ್‌ಗೆ ತಳ್ಳಿ ಓಡಿಸುತ್ತದೆ, ಎರರ್ ಬರುವುದಿಲ್ಲ, ಆದರೆ ಆಮೆ ವೇಗ.

ಕುಂದಾಪ್ರದ ಹುಡ್ಗ:

ಅಬ್ಬಾ, ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ರೆಂಡರ್ ಅವರೇ, ಆ 3.8 ಜಿಬಿ ಲೆಕ್ಕ ನೋಡಿ ನನ್ನ ಈಗಿನ 4 ಜಿಬಿ ಕಾರ್ಡ್ ಯಾಕೆ ಅಳುತ್ತದೆ ಅಂತ ಗೊತ್ತಾಯಿತು.

ಇನ್ನೆರಡು ಪ್ರಶ್ನೆ. ಒಂದು, ಇಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತದೆ, 600 ವಿಎ ಯುಪಿಎಸ್ ಇದೆ, ಸಾಕಾ? ಎರಡು, 5060 ಬಂದಿದೆಯಲ್ಲ, ಇಂಟೆಲ್ ಬಿ580 ಕೂಡ 12 ಜಿಬಿ ಅಂತೆ. ಅವನ್ನು ನೋಡಬಾರದಾ?

ಹಳೇಚಿಪ್:

5060 ಒಳ್ಳೆಯ ವೇಗದ ಕಾರ್ಡ್. ಜಿಡಿಡಿಆರ್7 ಮೆಮೊರಿ, ಸೆಕೆಂಡಿಗೆ 448 ಜಿಬಿ, ಅಮೆರಿಕದಲ್ಲಿ 4060ರ ಹಾಗೇ 299 ಡಾಲರ್‌ಗೆ ಬಂತು. ಬೆಲೆ ಸಮ ಇದ್ದರೆ 4060 ಕೇಳಲೇಬೇಡಿ, 5060 ತಗೊಳ್ಳಿ. ಆದರೆ ಅದೂ 8 ಜಿಬಿ, ಅದೂ 8 ಲೇನ್. ನಿಮ್ಮ ಬೋರ್ಡಿನಲ್ಲಿ ಅದೇ ಕಥೆ.

ಬಿ580 ನಿಮಗೆ ಬೇಡ. ಕಾರ್ಡ್ ಕೆಟ್ಟದ್ದಲ್ಲ, ಆದರೆ ಅದರ ಡ್ರೈವರ್ ಸಿಪಿಯುಗೆ ಜಾಸ್ತಿ ಕೆಲಸ ಕೊಡುತ್ತದೆ. 3600 ಥರದ ಹಳೇ ಸಿಪಿಯು ಜೊತೆ ಹಾಕಿದವರಿಗೆ ಕೆಲವು ಗೇಮ್‌ಗಳಲ್ಲಿ ಎಫ್‌ಪಿಎಸ್ ಚೆನ್ನಾಗಿಯೇ ಕುಸಿದಿತ್ತು. ಜೊತೆಗೆ ಕುಡಾ ಇಲ್ಲ, ಆಪ್ಟಿಕ್ಸ್ ಇಲ್ಲ.

ಸುಬ್ಬು ಸರ್ವೀಸ್:

ಯುಪಿಎಸ್ ಬಗ್ಗೆ ನಾನು ಹೇಳುತ್ತೇನೆ, ರಿಪೇರಿ ಅಂಗಡಿ ಇಟ್ಟವನು. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ. 3060 ಕಾರ್ಡೇ 170 ವ್ಯಾಟ್, 4060 ಆದರೆ 115. ಸಿಪಿಯು, ಬೋರ್ಡ್, ಮಾನಿಟರ್ ಎಲ್ಲ ಸೇರಿಸಿ ಎರಡೂ ಮಿತಿ ಒಳಗೇ ಬರುತ್ತವೆ, ಆದರೆ 3060 ಹಾಕಿ ರೆಂಡರ್ ಓಡುತ್ತಿದ್ದಾಗ ಕರೆಂಟ್ ಹೋದರೆ ಬ್ಯಾಟರಿ ಬೇಗ ಇಳಿಯುತ್ತದೆ. ಬ್ಯಾಟರಿ ಹಳೆಯದಾಗಿದ್ದರೆ ಸೇವ್ ಮಾಡುವಷ್ಟು ಹೊತ್ತೂ ನಿಲ್ಲದೆ ಇರಬಹುದು.

ಬಿಲ್ ಬಗ್ಗೆ ಫಕೀರರು ಹೇಳಿದಷ್ಟು ಹೆದರಬೇಡಿ. ವ್ಯತ್ಯಾಸ 55 ವ್ಯಾಟ್. ದಿನಕ್ಕೆ 4 ಗಂಟೆ ಪೂರ್ತಿ ಓಡಿಸಿದರೂ ತಿಂಗಳಿಗೆ 6.6 ಯೂನಿಟ್. ಗೃಹಜ್ಯೋತಿಯಲ್ಲಿ ಇದ್ದು ಸರಾಸರಿಯ ಮೇಲಿನ ಆ 10 ಪರ್ಸೆಂಟ್ ಅಂಚಿನಲ್ಲಿ ಇರುವವರು ಬೇಕಾದರೆ ಲೆಕ್ಕ ಹಾಕಿಕೊಳ್ಳಲಿ.

ಸೆಕೆಂಡ್ ಹ್ಯಾಂಡ್ 3060 ತಗೊಳ್ಳುವುದಾದರೆ ಬಹಳ ಮುಖ್ಯವಾದದ್ದು ಒಂದಿದೆ. 3060 ಅನ್ನುವ ಹೆಸರಿನಲ್ಲೇ 8 ಜಿಬಿ ಕಾರ್ಡ್ ಕೂಡ ಇದೆ. 2022ರ ಕೊನೆಗೆ ಬಂದದ್ದು. ಅದರ ಬಸ್ 128 ಬಿಟ್, ಸೆಕೆಂಡಿಗೆ 240 ಜಿಬಿ, ವೇಗವೂ 12 ಜಿಬಿಯದ್ದಕ್ಕಿಂತ ಚೆನ್ನಾಗಿಯೇ ಕಮ್ಮಿ. ನನ್ನ ಗಿರಾಕಿ ಒಬ್ಬರಿಗೆ ಮಾರಾಟಗಾರ ಬರೀ 3060 ಅಂತ ಹೇಳಿ ಇದನ್ನೇ ಕೊಟ್ಟುಬಿಟ್ಟಿದ್ದ, ಆಮೇಲೆ ಫೋನ್ ಎತ್ತಲಿಲ್ಲ. ಡಬ್ಬದ ಮೇಲಿನ ಮಾತು ನಂಬಬೇಡಿ. ಪೆನ್ ಡ್ರೈವ್‌ನಲ್ಲಿ ಕಾರ್ಡಿನ ವಿವರ ತೋರಿಸುವ ಜಿಪಿಯು-ಜಡ್ ಹಾಕಿಕೊಂಡು ಹೋಗಿ, 12288 ಎಂಬಿ ಮತ್ತು 192 ಬಿಟ್ ಅಂತ ಕಾಣಬೇಕು.

ಕ್ರಿಪ್ಟೊ ನಾಣ್ಯದ ಮೈನಿಂಗ್‌ಗೆ ಓಡಿಸಿದ ಕಾರ್ಡ್ ಆಗಿರಬಹುದು, ಆಗದೆಯೂ ಇರಬಹುದು. 3060ಗೆ ಎನ್‌ವಿಡಿಯಾ ಮೈನಿಂಗ್ ತಡೆ ಹಾಕಿತ್ತು, ಆಮೇಲೆ ತಾನೇ ಒಂದು ಡ್ರೈವರ್‌ನಲ್ಲಿ ಕೈತಪ್ಪಿ ಆ ತಡೆಯನ್ನು ತೆಗೆದುಬಿಟ್ಟಿತು, ಗೊತ್ತಾ? ಹಾಗಾಗಿ ಬಳಸಿದವರು ಬಳಸಿದ್ದಾರೆ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್ ನಿಂತ ಮೇಲೆ ಅವೆಲ್ಲ ಹಳೇ ಮಾರುಕಟ್ಟೆಗೆ ಬಂದವು. ಮೈನಿಂಗ್‌ನಲ್ಲಿ ಚಿಪ್ ಸಾಯುವುದು ಅಪರೂಪ, ಫ್ಯಾನ್ ಬೇರಿಂಗ್ ಮತ್ತು ಚಿಪ್‌ನ ಬಿಸಿ ಸಾಗಿಸುವ ಪೇಸ್ಟ್ ಹಾಳಾಗಿರುತ್ತವೆ. ಅರ್ಧ ಗಂಟೆ ಫರ್‌ಮಾರ್ಕ್ (ಕಾರ್ಡನ್ನು ಪೂರ್ತಿ ದುಡಿಸುವ ಪರೀಕ್ಷೆ) ಓಡಿಸಿ ಎಚ್‌ಡಬ್ಲ್ಯೂಇನ್ಫೊ ಪ್ರೋಗ್ರಾಮಿನಲ್ಲಿ ಜಿಪಿಯು ಉಷ್ಣತೆ ಮತ್ತು ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿ ಜಾಗ) ನೋಡಿ. ಎರಡರ ನಡುವೆ 20 ಡಿಗ್ರಿಗಿಂತ ಜಾಸ್ತಿ ಅಂತರ ಇದ್ದರೆ ಪೇಸ್ಟ್ ಒಣಗಿದೆ ಅಂತ ಹೇಳಿ ಬೆಲೆ ಇಳಿಸಿ. ಹಿಂದಿನ ಪೋರ್ಟ್‌ಗಳಲ್ಲಿ ತುಕ್ಕು, ಸ್ಕ್ರೂ ತಲೆ ಸವೆದಿದೆಯಾ ಅದನ್ನೂ ನೋಡಿ. ಮೂಲ ಬಿಲ್ ಕೇಳಿ, ಸೀರಿಯಲ್ ನಂಬರ್ ತಾಳೆ ಹಾಕಿ.

ಕುಂದಾಪ್ರದ ಹುಡ್ಗ:

ಬೆಂಗಳೂರಿನಲ್ಲಿ ಅಣ್ಣ ಇದ್ದಾನೆ, ಈ ಭಾನುವಾರ ಅವನನ್ನೇ ಕಳಿಸುತ್ತೇನೆ. 12 ಜಿಬಿ ಅಂತ ಖಚಿತ ಆಗಿ ಉಷ್ಣತೆ ಸರಿ ಇದ್ದರೆ 3060. ಉಳಿಯುವ 11 ಸಾವಿರದಲ್ಲಿ 5600 ಮತ್ತು ಇನ್ನೊಂದು 16 ಜಿಬಿ ರ‍್ಯಾಮ್ ಬರುತ್ತದಾ ನೋಡಬೇಕು. ಸರಿ ಇಲ್ಲದಿದ್ದರೆ ಹೊಸ 5060.

ಫ್ರೇಮ್ ಫಕೀರ:

ಸಿಪಿಯು ಬದಲಿಸುವುದಾದರೆ ನನ್ನ ವಾದ ಅರ್ಧ ಹೋಯಿತು ಬಿಡಿ. ಆದರೆ ಓಬಿಎಸ್‌ನಲ್ಲಿ ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕುವ ಆಸೆ ಇದ್ದರೆ ಈಗಲೇ ಹೇಳಿ. ಎವಿ1 ಅನ್ನುವ ವಿಡಿಯೊ ಫಾರ್ಮ್ಯಾಟ್ ಬರೆಯುವ ಎನ್‌ಕೋಡರ್ 40 ಸರಣಿಯಿಂದ ಮಾತ್ರ ಇದೆ. 3060 ಎವಿ1 ವಿಡಿಯೊ ನೋಡಬಲ್ಲದು, ಬರೆಯಲಾರದು.

ಸುಬ್ಬು ಸರ್ವೀಸ್:

ಆ 450 ವ್ಯಾಟ್ ಪಿಎಸ್‌ಯು ಯಾವುದು ಅಂತ ನೀವು ಇನ್ನೂ ಹೇಳಿಲ್ಲ. 1650 ಕಾರ್ಡ್‌ಗಳು ಬಹಳಷ್ಟು ಸ್ಲಾಟ್‌ನ ಕರೆಂಟ್‌ನಲ್ಲೇ ಓಡುತ್ತವೆ, ಹಾಗಾಗಿ ನಿಮ್ಮ ಪಿಎಸ್‌ಯುಗೆ ಈವರೆಗೆ ಪರೀಕ್ಷೆಯೇ ಆಗಿರಲಿಕ್ಕಿಲ್ಲ. 8 ಪಿನ್ ಪಿಸಿಐಇ ಕೇಬಲ್ ಇದೆಯಾ ಅಂತ ಕ್ಯಾಬಿನೆಟ್ ಬಿಚ್ಚಿ ಫೋಟೊ ಹಾಕಿ, ಮೇಲಿನ ಲೇಬಲ್‌ನದ್ದೂ ಒಂದು. ಅಣ್ಣ ದುಡ್ಡು ಕೊಡುವ ಮೊದಲು.